ಸ್ಕ್ರೀನ್‌ನಲ್ಲಿ ನೋಡಿದ್ದು, ಬಂದು ನೋಡಿದ್ದು

ಯೌವನಸ್ಥರ ಕೂಟ, ಭಾನುವಾರ ಸಂಜೆಯ ಸಂದೇಶ (ಬರಹ ರೂಪ)
ವಾಕ್ಯಭಾಗ: ಅರಣ್ಯಕಾಂಡ 12:1–15, ಯೋಹಾನ 1:45–49

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ಕಡೆಯಿಂದ ಬಸ್ ಹತ್ತಿ ಬಂದಿದ್ದೀರಿ. ಬೆಂಗಳೂರಿನ ಪಿಜಿಯಲ್ಲಿ ಕೂತು ಫೋನಿನಲ್ಲಿ ಕೇಳ್ತಿರೋ ತಮ್ಮಂದಿರು, ತಂಗಿಯರು ಇದ್ದೀರಿ. ಎಲ್ಲರನ್ನೂ ದೇವರು ಆಶೀರ್ವದಿಸಲಿ.

ಇವತ್ತಿನ ಸಂದೇಶ ಮೊದಲು ನನಗೆ ಬಂದದ್ದು. ಅದಕ್ಕೆ ನನ್ನಿಂದಲೇ ಶುರು ಮಾಡ್ತೀನಿ.

ನಿಮಗೆ ಗೊತ್ತಿರೋ ಹಾಗೆ, ವಾರದ ದಿನಗಳಲ್ಲಿ ನನ್ನ ಕೆಲಸ ಫ್ಲೆಕ್ಸ್ ಡಿಸೈನು. ಮದುವೆ, ಗೃಹಪ್ರವೇಶ, ಹುಟ್ಟುಹಬ್ಬ, ಶ್ರದ್ಧಾಂಜಲಿ, ಎಲ್ಲ ಮಾಡ್ತೀನಿ. ಗಿರಾಕಿ ಫೋಟೋ ಕೊಟ್ಟು ಹೇಳೋ ಮೊದಲನೇ ಮಾತು ಏನು ಗೊತ್ತಾ? "ಅಣ್ಣಾ, ಹುಡುಗಿ ಮುಖ ಸ್ವಲ್ಪ ಬೆಳ್ಳಗ್ ಮಾಡ್ರಿ." ಹುಡುಗನ ಬಗ್ಗೆ ಅಷ್ಟು ಹೇಳೋದಿಲ್ಲ. ಹುಡುಗಿ ಬಗ್ಗೆ ಹೇಳದೆ ಬಿಡೋದಿಲ್ಲ. ಹನ್ನೊಂದು ವರ್ಷ ಮಾಡಿದೀನಿ ಈ ಕೆಲಸ. ಆಮೇಲಾಮೇಲೆ ಅವರು ಹೇಳೋದೇ ಬೇಕಿರಲಿಲ್ಲ, ಫೋಟೋ ತೆರೆದ ಕೂಡಲೇ ನನ್ನ ಕೈ ತಾನೇ ಆ ಕಡೆ ಹೋಗ್ತಿತ್ತು.

ಹೊನ್ನಾಳಿ ಕಡೆಯ ಒಂದು ಮದುವೆ. ಮಂಟಪದ ಬಾಗಿಲಲ್ಲಿ ಹತ್ತಡಿ ಫ್ಲೆಕ್ಸ್ ನಿಲ್ಲಿಸಿದ್ವಿ. ಹುಡುಗಿಯ ಅಜ್ಜಿ ಬಂದು ನಿಂತು ನೋಡಿದ್ರು. ತುಂಬಾ ಹೊತ್ತು ನೋಡಿ ಕೇಳಿದ್ರು: "ಇದ್ಯಾರಪ್ಪಾ? ನಮ್ಮ ಹುಡುಗಿ ಫೋಟೋ ಹಾಕೋದು ಬಿಟ್ಟು ಯಾರದೋ ಹಾಕ್ಯಾರ." ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಬೈಕ್ ಹತ್ತಿ ವಾಪಸ್ ಬರುವಾಗ ಆ ಮಾತು ಬಿಡಲಿಲ್ಲ ನನ್ನನ್ನ. ಎತ್ತಿ ಬೆಳೆಸಿದ ಅಜ್ಜಿಗೇ ಗುರುತು ಸಿಗದ ಹಾಗೆ ಒಂದು ಮುಖವನ್ನ ಅಳಿಸಿಬಿಟ್ಟಿದ್ದೆ ನಾನು. ಅದೇ ಮುಖವನ್ನ ದೇವರು ತನ್ನ ಸ್ವರೂಪದಲ್ಲಿ ಉಂಟುಮಾಡಿದ್ದು ಅಂತ ಭಾನುವಾರ ಪ್ರಸಂಗ ಮಾಡ್ತೀನಿ. ಸೋಮವಾರ ಅದನ್ನೇ ತಿದ್ದುತ್ತೀನಿ.

ಸುವಾರ್ತಾ ಕೂಟದ ಪೋಸ್ಟರ್‌ಗಳು ಬೇರೆ ಏನಲ್ಲ ಪ್ರಿಯರೇ. ದೇವಸೇವಕರ ಮುಖವನ್ನೂ ಬೆಳ್ಳಗೆ ಮಾಡಿಸಿಕೊಂಡು ಹೋಗ್ತಾರೆ. ಪಾಸ್ಟರ್ ಫೋಟೋ ದೊಡ್ಡದು, ಹೆಸರು ದಪ್ಪ ಅಕ್ಷರದಲ್ಲಿ. ಪಾಸ್ಟರ್ ಅಮ್ಮನ ಫೋಟೋ ಪಕ್ಕದಲ್ಲಿ ಚಿಕ್ಕದು, ಹೆಸರೇ ಇರೋದಿಲ್ಲ, "ದಂಪತಿಗಳು" ಅಂತ ಅಷ್ಟೇ. ಊರೂರಿಗೆ ಹೋಗಿ ಉಪವಾಸ ಪ್ರಾರ್ಥನೆ ನಡೆಸೋರು ಆ ಅಮ್ಮನೇ.

ಈಗ ವಾಕ್ಯಕ್ಕೆ ಬರೋಣ. ಅರಣ್ಯಕಾಂಡ 12.

ಮೋಶೆಯ ಹೆಂಡತಿ ಕೂಷ್ ದೇಶದವಳು. ಕೂಷ್ ಅಂದರೆ ಈಜಿಪ್ಟಿನ ದಕ್ಷಿಣಕ್ಕಿರುವ ನೈಲ್ ನದಿಯ ಸೀಮೆ, ಕಪ್ಪು ಜನರ ನಾಡು. ಕೂಷ್ಯನು ತನ್ನ ಚರ್ಮದ ಬಣ್ಣ ಬದಲಿಸಿಕೊಳ್ಳಲಾರ ಅಂತ ಯೆರೆಮೀಯನೇ ಒಂದು ಕಡೆ ಹೇಳ್ತಾನೆ. ಆಕೆಯ ವಿಷಯವಾಗಿ ಮಿರ್ಯಾಮಳೂ ಆರೋನನೂ ಮೋಶೆಗೆ ವಿರೋಧವಾಗಿ ಮಾತಾಡಿದ್ರು. ಮಿರ್ಯಾಮಳು ಪ್ರವಾದಿನಿ, ಆರೋನ ಮಹಾಯಾಜಕ. ಅಂದರೆ ಇದು ಸಂತೆಯಲ್ಲಿ ಆಡಿದ ಮಾತಲ್ಲ, ಸಭೆಯ ನಾಯಕರು ಆಡಿದ ಮಾತು.

ಬೈಬಲ್ ಕಾಲೇಜಿನಲ್ಲಿ ನಮಗೆ ಈ ಅಧ್ಯಾಯವನ್ನ ಅಧಿಕಾರದ ಪಾಠ ಅಂತ ಕಲಿಸಿದ್ರು, ದೇವಸೇವಕನಿಗೆ ವಿರೋಧವಾಗಿ ಮಾತಾಡಬಾರದು ಅಂತ. ಅದು ಸರಿ. ದೇವರು ಅವರಿಗೆ ಕೊಡೋ ಉತ್ತರ ಮೋಶೆಯ ಸೇವೆಯ ಬಗ್ಗೆಯೇ. ಆದರೆ ಮಾತು ಎಲ್ಲಿಂದ ಹುಟ್ಟಿತು ಅನ್ನೋದನ್ನ ಮೊದಲನೇ ವಚನದಲ್ಲೇ ಬರೆದಿದೆ. ಅದನ್ನ ನಾವು ದಾಟಿ ಹೋಗ್ತೀವಿ. ಹೊಟ್ಟೆಕಿಚ್ಚು ಮೋಶೆಯ ಮೇಲೆ, ಹೊಡೆದದ್ದು ಅವನ ಹೆಂಡತಿಯ ಮೂಲಕ. ಯಾಕೆ? ಆಕೆ ಹೊರಗಿನವಳು, ಸುಲಭವಾಗಿ ಸಿಗ್ತಾಳೆ. ಇಡೀ ಅಧ್ಯಾಯದಲ್ಲಿ ಆಕೆಗೆ ಹೆಸರಿಲ್ಲ. ಆಕೆ ಒಂದು ಮಾತೂ ಆಡೋದಿಲ್ಲ.

ದೇವರು ಕೇಳಿಸಿಕೊಂಡನು. ಮೇಘ ಎದ್ದು ಹೋದ ಮೇಲೆ ನೋಡಿದರೆ ಮಿರ್ಯಾಮಳ ಚರ್ಮ ಹಿಮದ ಹಾಗೆ ಬೆಳ್ಳಗಾಗಿತ್ತು. ಸ್ವಲ್ಪ ನಿಂತು ಯೋಚನೆ ಮಾಡಿ. ಕಪ್ಪು ಹೆಂಡತಿಯ ಬಗ್ಗೆ ಆಡಿಕೊಂಡ ಮನೆಯಲ್ಲಿ ದೇವರ ಶಿಕ್ಷೆ ಬಿಳಿ ಬಣ್ಣದಲ್ಲಿ ಬಂತು! ಇಲ್ಲಿ ಇಬ್ಬರಿಗೆ ಎಚ್ಚರಿಕೆ ಹೇಳ್ಬೇಕು. ಚರ್ಮರೋಗ ಇರೋರನ್ನ ನೋಡಿ ಇದು ದೇವರ ಶಿಕ್ಷೆ ಅಂತ ಯಾರೂ ಅನ್ನಬೇಡಿ, ಯೇಸು ಅಂಥವರನ್ನ ಮುಟ್ಟಿ ವಾಸಿ ಮಾಡಿದನು. ಇನ್ನು, "ನೋಡ್ರೀ, ಹೆಂಗಸರ ಬಾಯಿ" ಅಂತ ಅಣ್ಣಂದಿರು ನಗಬೇಡಿ. ಆರೋನನೂ ಮಾತಾಡಿದ್ದ, ನಾವು ಮೂರ್ಖರಾದೆವು ಅಂತ ಅವನೇ ಒಪ್ಪಿಕೊಂಡ.

ಇನ್ನೊಂದು ನೋಡಿ. ಏಳು ದಿನ ಮಿರ್ಯಾಮಳು ಪಾಳೆಯದ ಹೊರಗಿದ್ದಳು, ಅವಳು ಒಳಗೆ ಬರುವ ತನಕ ಜನ ಮುಂದಕ್ಕೆ ಹೊರಡಲಿಲ್ಲ. ಒಂದು ಮನೆಯೊಳಗೆ ಆಡಿದ ಮಾತಿಗೆ ಇಡೀ ಸಭೆ ಏಳು ದಿನ ನಿಂತುಬಿಟ್ಟಿತು. ನಮ್ಮ ಕೂಟ ಯಾಕೆ ಬೆಳೀತಿಲ್ಲ ಪಾಸ್ಟರ್ ಅಂತ ಕೇಳ್ತೀರಲ್ಲ? ಒಂದು ಸಲ ಅಲ್ಲಿಯೂ ಹುಡುಕಿ ನೋಡೋಣ.

ಮಿರ್ಯಾಮಳ ಕೈಯಲ್ಲಿ ಫೋನ್ ಇರಲಿಲ್ಲ. ನಮ್ಮ ಕೈಯಲ್ಲಿ ಇದೆ. ಅವಳ ಮಾತು ಒಂದು ಪಾಳೆಯ ಸುತ್ತಿತು, ನಮ್ಮದು ಒಂದು ಬೆರಳಲ್ಲಿ ಊರು ಸುತ್ತುತ್ತೆ.

ಬೆಳಿಗ್ಗೆಯಿಂದ ನೀವು ಏನೇನು ನೋಡಿದ್ರಿ ನೆನಪು ಮಾಡಿಕೊಳ್ಳಿ. ಕಾಮಿಡಿ ಸೀನ್: ಹೀರೋ ಗೆಳೆಯನಿಗೆ ಕಪ್ಪು ಹುಡುಗಿಯನ್ನ ತೋರಿಸ್ತಾರೆ, ಅವನು ಹೆದರಿ ಓಡ್ತಾನೆ, ಹಿಂದೆ ಮ್ಯೂಸಿಕ್. ಸೀರಿಯಲ್: ಒಳ್ಳೇ ಸೊಸೆ ಅಳ್ತಾಳೆ, ಕೆಟ್ಟ ಸೊಸೆ ಕೆಲಸಕ್ಕೆ ಹೋಗ್ತಾಳೆ. ಕಪ್ಪು ಹುಡುಗಿಯ ಕಥೆ ಅಂತ ಹೇಳಿ ಬೆಳ್ಳಗಿನ ನಟಿಗೇ ಬಣ್ಣ ಹಚ್ಚಿ ನಿಲ್ಲಿಸೋದೂ ಉಂಟು. ಹಾಡು: ಲಂಬಾಣಿ ಹೆಣ್ಣುಮಗಳು ಅಂದರೆ ಕನ್ನಡಿ ಲಂಗ, ಕುಣಿತ, ಮುಗೀತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸೇವಾಲಾಲರು ಹುಟ್ಟಿದ ಊರು, ದೇಶದ ಎಲ್ಲ ಕಡೆಯಿಂದ ಬಂಜಾರ ಜನ ಅಲ್ಲಿಗೆ ಬರ್ತಾರೆ. ಅವರ ನಂಬಿಕೆ ಬೇರೆ, ನಮ್ಮದು ಬೇರೆ. ಆದರೆ ಅವರು ನಮ್ಮ ನೆರೆಯವರು. ತಾಂಡಾದಿಂದ ಕಬ್ಬು ಕಡಿಯೋಕೆ ಮಕ್ಕಳನ್ನ ಕಟ್ಟಿಕೊಂಡು ಗುಳೆ ಹೋಗೋ ತಾಯಿ, ನರ್ಸಿಂಗ್ ಓದ್ತಿರೋ ಅವಳ ಮಗಳು, ಇವರನ್ನ ಯಾವ ಹಾಡಿನಲ್ಲಿ ನೋಡಿದ್ರಿ? ಇನ್ನು ನಮ್ಮ ಫ್ಯಾಮಿಲಿ ಗ್ರೂಪು. ಬೆಳಿಗ್ಗೆ ಏಳಕ್ಕೆ ವಾಗ್ದಾನ ವಚನ, ಏಳೂವರೆಗೆ ಹೆಂಡತಿ ಜೋಕು, ಎರಡಕ್ಕೂ ಅದೇ ಅಂಕಲ್ "ಆಮೆನ್" ಹಾಕಿರ್ತಾರೆ!

ಜೋಕು ತಾನೇ ಪಾಸ್ಟರ್, ಅಷ್ಟಕ್ಕೆಲ್ಲ ಯಾಕೆ ಅಂತ ಕೇಳಬಹುದು. ಎರಡು ಸಂಗತಿ ಹೇಳ್ತೀನಿ, ಎರಡೂ ನಮ್ಮ ರಾಜ್ಯದಲ್ಲೇ ನಡೆದವು.

2012ರ ಆಗಸ್ಟ್. ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ಆಗುತ್ತೆ ಅಂತ ಎಸ್ಸೆಮ್ಮೆಸ್, ಫೋನು, ಬಾಯಿಮಾತಿನಲ್ಲಿ ಸುದ್ದಿ ಹಬ್ಬಿತು. ಸಾವಿರಾರು ಜನ ಕೆಲಸ ಬಿಟ್ಟು, ಓದು ಬಿಟ್ಟು, ಗುವಾಹಟಿ ರೈಲು ಹತ್ತೋಕೆ ಸ್ಟೇಷನ್ನಿಗೆ ನುಗ್ಗಿದರು. ವಿಶೇಷ ರೈಲು ಬಿಡಬೇಕಾಯಿತು. ಒಂದೇ ಸಲ ಐದಕ್ಕಿಂತ ಹೆಚ್ಚು ಜನರಿಗೆ ಎಸ್ಸೆಮ್ಮೆಸ್ ಕಳಿಸದಂತೆ ಕೇಂದ್ರ ಸರ್ಕಾರ 15 ದಿನ ತಡೆ ಹಾಕಿತು. ಸುದ್ದಿ ಸುಳ್ಳು, ಆದರೆ ಭಯ ಯಾಕೆ ನಿಜ ಅನ್ನಿಸಿತು? ಅವರ ಕಣ್ಣು, ಮುಖ ನೋಡಿ ದಿನಾ ಒಂದೊಂದು ಹೆಸರು ಕೂಗ್ತಿದ್ದ ಊರಲ್ಲಿ ಅವರು ಬದುಕ್ತಿದ್ರು. ಹೆಸರು ಕೂಗೋರು ಹೊಡೆಯೋಕೂ ಬರಬಹುದು ಅಂತ ಅನ್ನಿಸಿದ್ದರಲ್ಲಿ ಆಶ್ಚರ್ಯ ಏನಿದೆ?

2016ರ ಜನವರಿ 31ರ ರಾತ್ರಿ, ಬೆಂಗಳೂರಿನ ಹೆಸರಘಟ್ಟ ಕಡೆ. ಸುಡಾನ್ ದೇಶದವನೊಬ್ಬನ ಕಾರು ಹೊಡೆದು ಒಬ್ಬ ಹೆಣ್ಣುಮಗಳು ತೀರಿಕೊಂಡಳು. ದೊಡ್ಡ ದುಃಖ ಅದು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬೇರೆ ಕಾರಿನಲ್ಲಿ ಬಂದವಳು ಟಾಂಜಾನಿಯಾದ ವಿದ್ಯಾರ್ಥಿನಿ. ಅವಳಿಗೂ ಆ ಅಪಘಾತಕ್ಕೂ ಏನೇನೂ ಸಂಬಂಧ ಇರಲಿಲ್ಲ. ಸುಡಾನ್ ಬೇರೆ ದೇಶ, ಟಾಂಜಾನಿಯಾ ಬೇರೆ ದೇಶ, ಅವನು ಗಂಡಸು, ಇವಳು ಹೆಂಗಸು. ಗುಂಪಿಗೆ ಕಂಡದ್ದು ಚರ್ಮ ಮಾತ್ರ. ಅವಳನ್ನ ಹೊಡೆದರು, ಅವಮಾನ ಮಾಡಿದರು, ಕಾರಿಗೆ ಬೆಂಕಿ ಹಚ್ಚಿದರು.

ಅಪೊಸ್ತಲರ ಕೃತ್ಯಗಳು 21 ಓದಿದವರಿಗೆ ಇದು ಗೊತ್ತಿರೋ ಕಥೆ. ಎಫೆಸದ ತ್ರೊಫಿಮನನ್ನ ಪೌಲನ ಜೊತೆ ಊರಲ್ಲಿ ಕಂಡಿದ್ದರು. ದೇವಾಲಯದೊಳಗೂ ಕರೆದುಕೊಂಡು ಬಂದಿರಬೇಕು ಅಂತ ತಾವೇ ಅಂದುಕೊಂಡರು. ಯಾರೂ ಕೇಳಲಿಲ್ಲ, ಹೊಡೆಯೋಕೆ ಶುರು ಮಾಡಿದರು. ಬಿಡಿಸೋಕೆ ಬಂದ ರೋಮನ್ ಸಹಸ್ರಾಧಿಪತಿ, ದಂಗೆ ಎಬ್ಬಿಸಿದ ಆ ಐಗುಪ್ತ್ಯನು ನೀನೇ ಅಲ್ಲವೋ ಅನ್ನೋ ಅರ್ಥದಲ್ಲಿ ಕೇಳ್ತಾನೆ! ಒಂದು "ಅಂದುಕೊಂಡರು" ಸಾಕು ಪ್ರಿಯರೇ, ಒಬ್ಬ ನಿರಪರಾಧಿಯ ಮೇಲೆ ಕಲ್ಲು ಎತ್ತೋಕೆ. ಆ ಅಂದುಕೊಳ್ಳುವಿಕೆ ಒಂದೇ ರಾತ್ರಿಯಲ್ಲಿ ಬರೋದಿಲ್ಲ. ಒಂದೊಂದು ಸಿನಿಮಾ, ಒಂದೊಂದು ಜೋಕು, ಒಂದೊಂದು ರೀಲು ಸೇರಿ ಒಳಗೆ ಕಟ್ಟುತ್ತೆ.

ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿ ಜನರನ್ನೇ ತಗೊಳ್ಳಿ. ಪೂರ್ವಜರು ಆಫ್ರಿಕಾದಿಂದ ಬಂದವರು, ಅನೇಕರನ್ನ ಪೋರ್ಚುಗೀಸರು ಗುಲಾಮರಾಗಿ ತಂದರು. ಶತಮಾನಗಳಿಂದ ಇದೇ ಮಣ್ಣಿನಲ್ಲಿದ್ದಾರೆ, ಕನ್ನಡ, ಕೊಂಕಣಿ ಮಾತಾಡ್ತಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಬಂದರು, ಆ ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರು. ಇಷ್ಟಾದ ಮೇಲೂ ಸಿದ್ದಿ ಹುಡುಗ ಬಸ್ಸಿನಲ್ಲಿ ಕನ್ನಡ ಮಾತಾಡಿದರೆ ಪಕ್ಕದಲ್ಲಿರೋರು ತಿರುಗಿ ನೋಡಿ, ಯಾವ ದೇಶ ಅಂತ ಕೇಳ್ತಾರೆ.

ಲೋಕ ಸ್ವಲ್ಪ ಎಚ್ಚೆತ್ತಿದೆ. ಚರ್ಮದ ಬಣ್ಣದ ಆಧಾರದ ಮೇಲೆ ಯಾರನ್ನೂ ಕೀಳಾಗಿ ತೋರಿಸಬಾರದು ಅಂತ ಜಾಹೀರಾತಿನವರ ಸ್ವಂತ ಮಂಡಳಿ 2014ರಲ್ಲಿ ನಿಯಮ ಮಾಡಿತು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ "ಫೇರ್" ತೆಗೆದು "ಗ್ಲೋ" ಹಾಕಿಕೊಂಡಿತು. ಹೆಣ್ಣುಮಕ್ಕಳ ಬಗ್ಗೆ ಕೋರ್ಟಿನ ಬರಹದಲ್ಲಿ ಯಾವ ಪದ ಬಳಸಬಾರದು ಅಂತ ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲಿ ಒಂದು ಕೈಪಿಡಿಯನ್ನೇ ತಂದಿತು. ಟ್ಯೂಬಿನ ಹೆಸರು ಬದಲಾಯಿತು. ನಮ್ಮ ಮ್ಯಾರೇಜ್ ಬಯೋಡೇಟಾ ಬದಲಾಯಿತಾ? "ರಕ್ಷಣೆ ಹೊಂದಿದ, ದೀಕ್ಷಾಸ್ನಾನ ಪಡೆದ, ಬೆಳ್ಳಗಿರುವ ವಧು ಬೇಕು." ಮೊದಲೆರಡಕ್ಕೆ ವಾಕ್ಯದಲ್ಲಿ ಆಧಾರ ಇದೆ. ಮೂರನೆಯದಕ್ಕೆ ಯಾವ ಅಧ್ಯಾಯ? ಪರಮಗೀತದ ಹುಡುಗಿ ತಾನು ಕಪ್ಪೂ ಹೌದು, ಚೆಲುವೆಯೂ ಹೌದು ಅಂತ ಧೈರ್ಯವಾಗಿ ಹೇಳಿಕೊಳ್ತಾಳೆ. ನಮ್ಮ ಬಯೋಡೇಟಾಗಳಲ್ಲಿ ಅವಳಿಗೆ ವರ ಸಿಗೋದಿಲ್ಲ.

ಈಗ ಹೇಳಬೇಕಾದ್ದು ನನಗೆ ಕಷ್ಟದ ಮಾತು.

ನಾನು ಸೇವೆಗೆ ಬಂದ ಹೊಸದರಲ್ಲಿ ನ್ಯಾಮತಿ ಕಡೆ ಬೇಸಿಗೆ ವಿಬಿಎಸ್ ಮಾಡಿದ್ವಿ. ಅಕ್ಷರ ಇಲ್ಲದ ಬಣ್ಣದ ಪುಸ್ತಕ ನಿಮಗೆಲ್ಲ ಗೊತ್ತು, ನೀವೂ ಅದರಲ್ಲೇ ಕಲಿತವರು. ಕಪ್ಪು ಪುಟ ಪಾಪ, ಕೆಂಪು ಪುಟ ಯೇಸುವಿನ ರಕ್ತ, ಬಿಳಿ ಪುಟ ಶುದ್ಧ ಹೃದಯ. 1866ರಲ್ಲಿ ಲಂಡನ್ನಿನ ಸ್ಪರ್ಜನ್ ಅವರು ಈ ಮೂರು ಬಣ್ಣ ಹಿಡಿದು ಬೋಧಿಸಿದರು, ಆಮೇಲೆ ಬೇರೆ ಬಣ್ಣಗಳು ಸೇರಿದವು. ನಾನು ಕಪ್ಪು ಪುಟ ಎತ್ತಿ ಹಿಡಿದು ಜೋರಾಗಿ ಕೇಳಿದೆ, "ಮಕ್ಕಳೇ, ಇದು ಏನು?" ಎಲ್ಲರೂ "ಪಾಪ!" ಅಂದರು. ಮುಂದಿನ ಸಾಲಿನಲ್ಲಿ ತಾಂಡಾದ ಒಂದು ಪುಟ್ಟ ಹುಡುಗಿ ತನ್ನ ಕೈ ಪುಟದ ಪಕ್ಕ ಇಟ್ಟು ನೋಡಿ ಕೇಳಿತು: "ಅಣ್ಣಾ, ಹಂಗಾದ್ರೆ ನನ್ನ ಕೈ?"

ಮಕ್ಕಳು ನಕ್ಕರು. ಟೀಚರ್‌ಗಳು ನಕ್ಕರು. ನಾನೂ ನಕ್ಕೆ.

ಮಾರನೇ ದಿನ ಆ ಮಗು ಬರಲಿಲ್ಲ. ನಾನು ವಿಚಾರಿಸಲೂ ಇಲ್ಲ, ತೊಂಬತ್ತು ಮಕ್ಕಳಲ್ಲಿ ಒಂದು ಕಡಿಮೆ ಆದದ್ದು ಲೆಕ್ಕಕ್ಕೇ ಬರಲಿಲ್ಲ. ಎಷ್ಟೋ ದಿನದ ಮೇಲೆ ಅದರ ತಾಯಿ ಸಿಕ್ಕಾಗ ಹೇಳಿದ್ರು, ಸ್ನಾನ ಮಾಡುವಾಗ ಮೈ ಉಜ್ಜೋ ಕಲ್ಲು ತಗೊಂಡು ಕೈ ಕೆಂಪಾಗೋ ತನಕ ಉಜ್ಜಿಕೊಳ್ತಿತ್ತಂತೆ. ಯಾಕೆ ಅಂತ ಕೇಳಿದರೆ ಹೇಳ್ತಿರಲಿಲ್ಲವಂತೆ.

ಆ ಪುಸ್ತಕ ಮಾಡಿದವರ ಮನಸ್ಸು ಕೆಟ್ಟದ್ದು ಅಂತ ನಾನು ಹೇಳೋದಿಲ್ಲ, ಎಷ್ಟೋ ಆತ್ಮಗಳು ಅದರಿಂದ ಕರ್ತನನ್ನ ತಿಳಿದಿವೆ. ಆದರೆ ಬೈಬಲ್ ತೆರೆದು ನೋಡಿ. ಯೆಶಾಯ 1:18ರಲ್ಲಿ ಪಾಪಕ್ಕೆ ಯಾವ ಬಣ್ಣ? ಕಡುಕೆಂಪು! ಬಿಳಿ ಬಣ್ಣ ಯಾವಾಗಲೂ ಶುದ್ಧವಾ? ಮಿರ್ಯಾಮಳ ಕುಷ್ಠ ಬಿಳಿ, ದುಡ್ಡಿಗೆ ಆಸೆಪಟ್ಟ ಗೇಹಜಿಯ ಕುಷ್ಠ ಬಿಳಿ, ಒಳಗೆ ಎಲುಬು ತುಂಬಿ ಹೊರಗೆ ಸುಣ್ಣ ಬಳಿದ ಸಮಾಧಿಗಳ ಬಗ್ಗೆ ಯೇಸುವೇ ಹೇಳಿದ್ದಾನೆ. ಬೈಬಲಿನಲ್ಲಿ ಕತ್ತಲೆ, ಬೆಳಕು ಅಂತ ಇದೆ, ನಿಜ. ಅದು ರಾತ್ರಿಯ ಮಾತು, ದಾರಿ ಕಾಣದವನ ಮಾತು. ಯಾರ ಚರ್ಮದ ಮಾತೂ ಅಲ್ಲ. ಅದನ್ನ ಚರ್ಮಕ್ಕೆ ಅಂಟಿಸಿದವರು ನಾವು. ಕ್ರಿಸ್ಮಸ್ ನಾಟಕದಲ್ಲಿ ಮರಿಯಳ ಪಾತ್ರಕ್ಕೆ ಬೆಳ್ಳಗಿನ ಹುಡುಗಿ, ಸೈತಾನನ ಪಾತ್ರಕ್ಕೆ ಮುಖಕ್ಕೆ ಮಸಿ. ಟಿವಿಯವರನ್ನ ಬೈಯೋದು ಸುಲಭ. ಆ ಮಗುವಿಗೆ ಈ ಪಾಠ ಕಲಿಸಿದ್ದು ಟಿವಿ ಅಲ್ಲ, ಬೈಬಲ್ ಹಿಡಿದಿದ್ದ ನಾನು.

ನಾವು ಪೆಂತೆಕೊಸ್ತಿನವರು ಇದನ್ನ ಮಾಡಲೇಬಾರದಿತ್ತು. ನಮ್ಮ ಹುಟ್ಟು ನೆನಪಿದೆಯಾ? ವಿಲಿಯಂ ಸೇಮೋರ್, ಗುಲಾಮರಾಗಿದ್ದವರ ಮಗ, ಕಪ್ಪು ಮನುಷ್ಯ. ಹ್ಯೂಸ್ಟನ್ನಿನ ಬೈಬಲ್ ಶಾಲೆಯಲ್ಲಿ ಬಿಳಿಯರ ಜೊತೆ ಕೂರಿಸಲಿಲ್ಲ, ಹೊರಗಿನ ಹಜಾರದಲ್ಲಿ ಕೂತು ತೆರೆದ ಬಾಗಿಲಿಂದ ಪಾಠ ಕೇಳಿದ. 1906ರಲ್ಲಿ ಲಾಸ್ ಏಂಜಲೀಸಿನ ಅಜುಸಾ ಬೀದಿಯಲ್ಲಿ ದೇವರು ಉಜ್ಜೀವನದ ಬೆಂಕಿ ಇಳಿಸಿದ್ದು ಬಾಗಿಲ ಹೊರಗೆ ಕೂತಿದ್ದ ಅವನ ಸೇವೆಯಲ್ಲೇ. ಕರಿಯರು, ಬಿಳಿಯರು, ಗಂಡಸರು, ಹೆಂಗಸರು ಒಂದೇ ನೆಲದ ಮೇಲೆ ಮೊಣಕಾಲೂರಿದರು. ಅದಕ್ಕೂ ಒಂದು ವರ್ಷ ಮುಂಚೆ, 1905ರಲ್ಲಿ, ಮಹಾರಾಷ್ಟ್ರದ ಕೆಡಗಾಂವಿನಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ನಿನಲ್ಲಿ ಆತ್ಮ ಸುರಿದದ್ದು ಯಾರ ಮೇಲೆ? ಜನ ಅಪಶಕುನ ಅಂತ ಕರೀತಿದ್ದ ವಿಧವೆಯರು, ಅನಾಥ ಹುಡುಗಿಯರ ಮೇಲೆ. ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗೆ, ಭದ್ರೆ ಹುಟ್ಟೋದೂ ಅಲ್ಲೇ. ಹೊನ್ನಾಳಿ ಸೇತುವೆ ದಾಟುವಾಗ ಕೆಳಗೆ ಹರಿಯೋ ನೀರು ನೋಡಿ ಇದನ್ನ ನೆನಪು ಮಾಡಿಕೊಳ್ಳಿ.

ಆದರೆ ಅಮೆರಿಕದಲ್ಲಿ ಅದೇ ಉಜ್ಜೀವನದ ಸಭೆಗಳು ಕೆಲವೇ ವರ್ಷಗಳಲ್ಲಿ ಬಣ್ಣದ ಮೇಲೆ ಬೇರೆ ಬೇರೆಯಾದವು. ಆತ್ಮನ ಬೆಂಕಿ ಕಂಡವರೇ ಹೀಗಾದರು. ಅನ್ಯಭಾಷೆ ಬಂದರೆ ಸಾಲದು ಪ್ರಿಯರೇ, ನಮ್ಮ ಮಾತೃಭಾಷೆಯೂ ಶುದ್ಧ ಆಗಬೇಕು.

ಹಾಗಾದರೆ ಏನು ಮಾಡೋಣ? ಯೋಹಾನ 1ಕ್ಕೆ ಬನ್ನಿ. ನಜರೇತಿನಿಂದ ಒಳ್ಳೆಯದೇನು ಬಂದೀತು ಅಂತ ನತಾನಯೇಲ ಮೂಗು ಮುರಿದ. ಬೆಂಗಳೂರಿನ ಆಫೀಸಿನಲ್ಲಿ ನಿಮಗೂ ಕೇಳಿರ್ತಾರೆ: "ಜಗಳೂರಾ? ಬರಗಾಲದ ಊರಲ್ವಾ?" "ಚನ್ನಗಿರಿನಾ? ಅಡಿಕೆ ದುಡ್ಡು ಜೋರು ಬಿಡಪ್ಪ." ಚುಚ್ಚುತ್ತಲ್ವಾ? ನಜರೇತಿನವನಾದ ಯೇಸುವಿಗೆ ಆ ಚುಚ್ಚು ಗೊತ್ತು. ಫಿಲಿಪ್ಪ ವಾದ ಮಾಡಲಿಲ್ಲ, ಬಂದು ನೋಡು ಅಂದ. ನತಾನಯೇಲ ಎದ್ದು ಬಂದ. ಬಂದವನಿಗೆ ಯೇಸು ಕಪಟವಿಲ್ಲದವನು ಅಂತ ಸಾಕ್ಷಿ ಕೊಟ್ಟನು! ತಪ್ಪು ಅಂದುಕೊಂಡಿದ್ದವನಿಗೇ ಆ ಸಾಕ್ಷಿ, ಯಾಕಂದರೆ ಅಂದುಕೊಂಡಲ್ಲೇ ಕೂತುಬಿಡಲಿಲ್ಲ ಅವನು. ಫೋನು ನಮಗೆ "ನೋಡು" ಅಂತ ಮಾತ್ರ ಹೇಳುತ್ತೆ. "ಬಾ" ಅಂತ ಹೇಳೋದಿಲ್ಲ.

ಈ ವಾರ ಮೂರು ಕೆಲಸ. ಮೊದಲನೆಯದು, ನಗು ಬಂದಾಗ ಒಂದು ಕ್ಷಣ ನಿಲ್ಲಿ: ಯಾರನ್ನ ನೋಡಿ ನಗ್ತಿದ್ದೀನಿ, ಆ ಮನುಷ್ಯ ನನ್ನ ಪಕ್ಕದಲ್ಲೇ ಕೂತಿದ್ದರೆ ನಗ್ತಿದ್ದೆನಾ, ಈ ವಿಡಿಯೋದಲ್ಲಿ ಅವರಿಗೆ ಹೆಸರು ಇದೆಯಾ, ಮಾತು ಇದೆಯಾ? ಎರಡನೆಯದು, ಅಂಥದ್ದು ನಿಮ್ಮ ಫೋನಿಗೆ ಬಂದರೆ ಅಲ್ಲೇ ಸಾಯಲಿ, ಮುಂದೆ ಕಳಿಸಬೇಡಿ. ಕಳಿಸಿದ ಅಂಕಲ್‌ಗೆ ಗ್ರೂಪಿನಲ್ಲಿ ಅವಮಾನ ಮಾಡಬೇಡಿ, ಬೇರೆಯಾಗಿ ಫೋನ್ ಮಾಡಿ ಗೌರವದಿಂದ ಹೇಳಿ. ಮೂರನೆಯದು, ಬಂದು ನೋಡಿ. ನಿಮ್ಮ ಪಿಜಿಯಲ್ಲಿ ಮಣಿಪುರದ ಹುಡುಗಿ ಇರಬಹುದು, ಕಾಲೇಜಿನಲ್ಲಿ ಆಫ್ರಿಕಾದ ಹುಡುಗ ಇರಬಹುದು, ಕ್ಲಾಸಿನಲ್ಲಿ ತಾಂಡಾದ ತಂಗಿ ಇರಬಹುದು. ಹೆಸರು ಸರಿಯಾಗಿ ಹೇಳೋಕೆ ಕಲೀರಿ, ಒಂದು ಹೊತ್ತು ಜೊತೆಗೆ ಊಟ ಮಾಡಿ. ಸುವಾರ್ತೆ ಹೇಳೋಕೆ ಅಂತ ಅಲ್ಲ, ಮೊದಲು ಮನುಷ್ಯರಾಗಿ.

ನಮ್ಮ ಕಡೆಯಿಂದ ನಾವೂ ತೀರ್ಮಾನ ಮಾಡಿದ್ದೀವಿ. ಮುಂದಿನ ವಿಬಿಎಸ್‌ನಲ್ಲಿ ಆ ಕಪ್ಪು ಪುಟ ಇರೋದಿಲ್ಲ. ಕ್ರಿಸ್ಮಸ್ ನಾಟಕದಲ್ಲಿ ಮಸಿ ಇರೋದಿಲ್ಲ. ಸಭೆಯ ಪೋಸ್ಟರಿನಲ್ಲಿ ಸಹೋದರಿಯರ ಹೆಸರೂ ಇರುತ್ತೆ, ಯಾರ ಮುಖವನ್ನೂ ನಾನು ಬೆಳ್ಳಗೆ ಮಾಡೋದಿಲ್ಲ. ಪುನರುತ್ಥಾನದ ಸುದ್ದಿ ತಂದ ಹೆಂಗಸರ ಮಾತನ್ನ ಶಿಷ್ಯರು ಹರಟೆ ಅಂದುಕೊಂಡರು ಅಂತ ಲೂಕ 24ರಲ್ಲಿದೆ. ಆ ತಪ್ಪು ಒಂದು ಸಲ ಆದದ್ದು ಸಾಕು. ಮುಂದಿನ ತಿಂಗಳು ಈ ಜಾಗದಲ್ಲಿ ನಿಂತು ವಾಕ್ಯ ಹಂಚೋದು ಜಗಳೂರು ಕೂಟದ ನಮ್ಮ ಸಹೋದರಿ, ಅವತ್ತು ಟೀ ಮಾಡೋದು ಅಣ್ಣಂದಿರು. ಅಂಗಡಿಯಲ್ಲೂ ಗಿರಾಕಿಗಳಿಗೆ ಹೇಳ್ತಿದ್ದೀನಿ, "ಫೋಟೋದಲ್ಲಿ ಬೆಳಕು ಸರಿ ಮಾಡ್ತೀನಿ, ಬಣ್ಣ ಬದಲಿಸೋದಿಲ್ಲ." ಎರಡು ಮೂರು ಜನ ಬೇರೆ ಅಂಗಡಿಗೆ ಹೋದರು. ಹೋಗಲಿ.

ಆ ಮಗುವಿನ ಮನೆಗೆ ಹೋಗಿದ್ದೆ. ಈಗ ಅವಳು ಡಿಗ್ರಿ ಓದ್ತಿದ್ದಾಳೆ. ತಾಯಿಯ ಮುಂದೆ ಕೈ ಮುಗಿದು ಹೇಳಿದೆ, "ಅವತ್ತು ನಾನು ನಕ್ಕೆ ಕಣಮ್ಮಾ, ತಪ್ಪಾಯಿತು, ಕ್ಷಮಿಸು." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮಗೆ ನೆನಪಿದೆಯಾ ಅಣ್ಣಾ?" ಅಂದಳು. ಅಷ್ಟೇ. ಕ್ಷಮಿಸಿದೆ ಅಂತ ಹೇಳಲಿಲ್ಲ. ಅವಳು ಸಭೆಗೆ ಬಂದಿಲ್ಲ, ಬರಬೇಕು ಅಂತ ನಾನು ಕೇಳಲೂ ಇಲ್ಲ. ಇದು ಜಯದ ಸಾಕ್ಷಿ ಅಲ್ಲ ಪ್ರಿಯರೇ. ಮಿರ್ಯಾಮಳ ಏಳು ದಿನ ನನಗಿನ್ನೂ ಮುಗಿದಿಲ್ಲ. ಆದರೆ ಪಾಳೆಯದ ಹೊರಗಿರುವವರಿಗಾಗಿ ಮೋಶೆ ಬೇಡಿಕೊಂಡ ಹಾಗೆ ನಮಗಾಗಿಯೂ ಬೇಡಿಕೊಳ್ಳುವ ಒಬ್ಬನಿದ್ದಾನೆ, ಪಾಳೆಯದ ಹೊರಗೆ ಹೋಗಿ ಸತ್ತವನು ಆತನೇ.

ಎಲ್ಲರೂ ಎದ್ದು ನಿಲ್ಲೋಣ. ಫೋನು ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿಯಿರಿ. ಕಣ್ಣು ಮುಚ್ಚಿ. ನಿಮ್ಮ ನಗುವಿನಿಂದ ಸಣ್ಣಗಾದ ಒಂದು ಮುಖವನ್ನ ಆತ್ಮನು ಈಗ ನೆನಪಿಗೆ ತರಲಿ. ಸಣ್ಣಗಾದದ್ದು ನಿಮ್ಮದೇ ಮುಖ ಆಗಿದ್ದರೆ, ತಂಗೀ, ತಮ್ಮಾ, ಕೇಳಿಸಿಕೋ: ನಿನ್ನ ಬಣ್ಣದಲ್ಲಿ ತೊಳೆಯಬೇಕಾದ್ದು ಏನೂ ಇಲ್ಲ.

ಪ್ರಾರ್ಥಿಸೋಣ. ತಂದೆಯೇ, ನಮ್ಮ ಕಣ್ಣನ್ನ ಶುದ್ಧಮಾಡು. ನೀನು ಬರೆದ ಮುಖಗಳನ್ನ ನಾವು ತಿದ್ದಿದ್ದೇವೆ, ಕ್ಷಮಿಸು. ನಾವು ಹೆಸರಿಲ್ಲದೆ ಬಿಟ್ಟವರ ಹೆಸರು ನಿನಗೆ ಗೊತ್ತಿದೆ. ಅವರ ಮನೆಬಾಗಿಲಿಗೆ ಹೋಗುವ ಧೈರ್ಯ ಕೊಡು, ತಪ್ಪಾಯಿತು ಅನ್ನುವ ಬಾಯಿ ಕೊಡು. ನಜರೇತಿನ ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.